ತಾಯಿಯನ್ನು ನೋಡಿ ಮರಿ ತನ್ನಿ: ತೋಟದ ನಾಯಿಯ ಆಯ್ಕೆಯ ಬಗ್ಗೆ

ಕಾಫಿ ಕೊಯ್ಲು ಮುಗಿದು, ಕಾಳುಮೆಣಸು ಕಣಕ್ಕೆ ಬಂದು, ಸುಲಿದ ಅಡಿಕೆ ಒಣಗುವ ಹೊತ್ತಿನಲ್ಲಿ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಸುಣ್ಣ, ಮೈಲುತುತ್ತದ ವಿಚಾರ ಮುಗಿಸಿ ಏಳುವಾಗ ಇನ್ನೊಂದು ಮಾತನ್ನೂ ಕೇಳಿ ಹೋಗುವುದು ವಾಡಿಕೆ: “ಎಲ್ಲಾದರೂ ಒಂದು ಒಳ್ಳೆ ನಾಯಿಮರಿ ಇದ್ದರೆ ಹೇಳಿ ಮಾರಾಯ್ರೆ.” ಮನೆ ಒಂದು ಕಡೆ, ಕಣ ಒಂದು ಕಡೆ, ನೆರೆಮನೆಯೋ ಕೂಗಳತೆಯ ಆಚೆ. ಇಂಥ ತೋಟಗಳಲ್ಲಿ ನಾಯಿ ಎಂಬುದು ಷೋಕಿಯ ಪ್ರಾಣಿಯಲ್ಲ. ಕಣದಲ್ಲಿ ಹರಡಿದ ಮೆಣಸಿಗೆ ಕಳ್ಳರ ಕಣ್ಣು, ಬಾಳೆಗೊನೆಗೆ ಮಂಗನ ಕಣ್ಣು, ಗೆಡ್ಡೆಗೆ ಹಂದಿಯ ಕಣ್ಣು. ಇವೆಲ್ಲಕ್ಕೂ ನಾಯಿಯೇ ಔಷಧಿ ಎಂದು ನಾವು ಹೇಳುವುದಿಲ್ಲವಾದರೂ, ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ಯಾರೋ ಇದ್ದಾರೆ ಎಂದು ಎಬ್ಬಿಸುವ ಇನ್ನೊಂದು ಜೀವ ಮನೆಯಲ್ಲಿರುವುದಿಲ್ಲ.

ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಆಚೆ ತೋಟದ ಹೆಣ್ಣು ನಾಯಿ ಮರಿ ಹಾಕಿದೆ, ಕಣ್ಣು ಬಿಟ್ಟ ಮೇಲೆ ಒಂದು ಹೇಳಿಟ್ಟು ಬಂದರಾಯಿತು. ಈಚಿನ ವರ್ಷಗಳಲ್ಲಿ ಕೈಗೆ ಮೊಬೈಲು ಬಂದಿದೆ. ಅದರಲ್ಲಿ ಕೆಂಪು ರಿಬ್ಬನ್ ಕಟ್ಟಿದ ಮರಿಯ ಚಿತ್ರ ಬರುತ್ತದೆ. ಹಣ ಕಳಿಸಿದರೆ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆ ಬರುತ್ತದೆ, ಕೆಲವು ಸಲ ಅದೂ ಬರುವುದಿಲ್ಲ. ಬಂದ ಮರಿಗಳಲ್ಲಿ ಒಂದು ವಾರ ದಾಟದವು ಎಷ್ಟೋ. ಮಕ್ಕಳು ಹೆಸರಿಟ್ಟು, ತೊಡೆಯ ಮೇಲೆ ಮಲಗಿಸಿಕೊಂಡು, ಆರನೆಯ ದಿನ ಅಡಿಕೆ ಹಾಳೆಯಲ್ಲಿ ಸುತ್ತಿ ತೋಟದ ಮೂಲೆಯಲ್ಲಿ ಹೂಳಿದ ಸಂಗತಿಯನ್ನು ನಮ್ಮ ಸದಸ್ಯರು ಬಂದು ಹೇಳಿದಾಗಲೆಲ್ಲ ಈ ವಿಷಯವನ್ನು ವಿವರವಾಗಿ ಬರೆಯಬೇಕೆಂದುಕೊಳ್ಳುತ್ತಿದ್ದೆವು. ಆ ಮರಿಗಳು ಸಾಯುವುದು ದುರದೃಷ್ಟದಿಂದಲ್ಲ. ಅದಕ್ಕೆ ಕಾರಣವಿದೆ, ಆ ಕಾರಣ ತಿಳಿದರೆ ತಪ್ಪಿಸಿಕೊಳ್ಳುವ ದಾರಿಯೂ ತಿಳಿಯುತ್ತದೆ.

ಬೆಳೆಗಾರರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಅಡಿಕೆ ಸಸಿ ಎಬ್ಬಿಸುವಾಗ ನಾವು ಏನು ಮಾಡುತ್ತೇವೆ? ಮೊದಲು ತಾಯಿಮರ ಗೊತ್ತು ಮಾಡುತ್ತೇವೆ. ವರ್ಷ ವರ್ಷವೂ ತಪ್ಪದೆ ಫಸಲು ಕೊಟ್ಟ, ರೋಗವಿಲ್ಲದ, ವಯಸ್ಸಾದ ಮರ ನೋಡಿ, ಅದರ ಹಣ್ಣಡಿಕೆಯನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನು ಮಾತ್ರ ಬಿತ್ತನೆಗೆ ಆರಿಸುತ್ತೇವೆ. ಕಾಫಿ ಬೀಜಕ್ಕೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತನಕ ಹೋಗಿ ಬರುತ್ತೇವೆ. ಸಸಿ ಕೈಕೊಟ್ಟರೆ ಐದಾರು ವರ್ಷ ಹಾಳು ಎಂಬುದು ಗೊತ್ತು. ಹತ್ತು ಹನ್ನೆರಡು ವರ್ಷ ನಮ್ಮ ಜಗಲಿಯಲ್ಲೇ ಇರಬೇಕಾದ ನಾಯಿಯ ವಿಚಾರದಲ್ಲಿ ಮಾತ್ರ ತಾಯಿ ಯಾವುದು, ಎಲ್ಲಿದೆ, ಹೇಗಿದೆ ಎಂದು ಕೇಳದೆ ಬುಟ್ಟಿಯಲ್ಲಿ ಕೂತ ಮರಿಯ ಮುಖ ನೋಡಿ ದುಡ್ಡು ಎಣಿಸುತ್ತೇವೆ.

ಮರಿ ಕಾರ್ಖಾನೆ ಎಂದರೇನು

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಬೆಳೆ ಕೈಕೊಟ್ಟ ರೈತರು ನಾಯಿಮರಿಯನ್ನೇ ಒಂದು ಹಣದ ಬೆಳೆಯಾಗಿ ಸಾಕತೊಡಗಿದರು. ಖಾಲಿ ಬಿದ್ದ ಕೋಳಿಗೂಡುಗಳಿಗೆ ಹೆಣ್ಣು ನಾಯಿಗಳನ್ನು ತುಂಬಿ, ಮರಿಗಳನ್ನು ಪಟ್ಟಣದ ಅಂಗಡಿಗಳಿಗೆ ಕಳಿಸುವ ಈ ವ್ಯವಹಾರಕ್ಕೆ ಅಲ್ಲಿ ಗಿರಣಿ ಎಂಬ ಹೆಸರೇ ಬಿತ್ತು. ನಾವು ಮರಿ ಕಾರ್ಖಾನೆ ಎನ್ನೋಣ. ನಮ್ಮಲ್ಲಿ ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಪೇಟೆಯ ಹೊರವಲಯದಲ್ಲಿ ಒಂದು ತಗಡಿನ ಷೆಡ್ಡು, ಮನೆಯ ತಾರಸಿಯ ಮೇಲೆ ನಾಲ್ಕು ಕಬ್ಬಿಣದ ಗೂಡು, ಇಷ್ಟಿದ್ದರೆ ಸಾಕು. ಕಾರ್ಖಾನೆಯಾಗುವುದು ಕಟ್ಟಡದಿಂದಲ್ಲ, ಲೆಕ್ಕದಿಂದ.

ಲೆಕ್ಕ ಹೀಗೆ. ಹೆಣ್ಣು ನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗರ್ಭ ಸುಮಾರು 63 ದಿನ. ಮರಿಗಳಿಗೆ ಹಾಲೂಡಿಸಿ ಸಾಕುವ ಕಾಲ ಎಂಟು ವಾರ ಎಂದಿಟ್ಟುಕೊಂಡರೂ ಎರಡೂ ಸೇರಿ ನಾಲ್ಕು ತಿಂಗಳು. ಪ್ರತಿ ಬೆದೆಗೂ ಕಟ್ಟಿಸಿದರೆ ತಾಯಿಗೆ ಮೈ ತುಂಬಿಕೊಳ್ಳಲು ಸಿಗುವುದು ಎರಡು ಮೂರು ತಿಂಗಳು ಮಾತ್ರ. ಹಸುವಿಗೆ ಹೀಗೆ ಮಾಡಿದರೆ ಏನಾಗುತ್ತದೆ ಎಂದು ಕೊಟ್ಟಿಗೆ ಇಟ್ಟವರಿಗೆ ಹೇಳಬೇಕಾಗಿಲ್ಲ. ಕೂದಲು ಉದುರಿ, ಮೊಲೆ ಜೋತು, ಬೆನ್ನುಮೂಳೆ ಎದ್ದು, ಗೂಡಿನ ಸರಳಿನ ಮೇಲೇ ನಿಂತು ಪಾದ ಹುಣ್ಣಾಗಿ, ಐದಾರು ವರ್ಷಕ್ಕೆ ಅದು ಯಾರಿಗೂ ಬೇಡವಾಗುತ್ತದೆ. ಆಗ ಅದನ್ನು ಹೆದ್ದಾರಿಯ ಬದಿಯಲ್ಲೋ ಊರಾಚೆಯಲ್ಲೋ ಬಿಟ್ಟುಬರುತ್ತಾರೆ. ಪೇಟೆಯ ಬೀದಿಗಳಲ್ಲಿ ಜೋತು ಮೊಲೆಯ ಲ್ಯಾಬ್ರಡಾರೋ ಪಗ್ಗೋ ಕಸ ಕೆದಕುತ್ತಿದ್ದರೆ ಅದು ದಾರಿ ತಪ್ಪಿ ಬಂದದ್ದೆಂದು ತಿಳಿಯಬೇಡಿ.

ಇಂಥ ಕಡೆ ಗಂಡು ಒಂದೇ ಇರುತ್ತದೆ. ಮಗಳಿಗೂ ಅದೇ, ಮೊಮ್ಮಗಳಿಗೂ ಅದೇ. ಸೊಂಟದ ಕೀಲು ಸಡಿಲವಾಗಿ ಎರಡನೆಯ ವರ್ಷಕ್ಕೇ ಹಿಂಗಾಲು ಎಳೆಯುವ ಅಲ್ಸೇಶಿಯನ್, ಓಡುತ್ತಿದ್ದಂತೆಯೇ ಹೃದಯ ನಿಂತು ಬೀಳುವ ಡಾಬರ್‌ಮನ್, ಇವೆಲ್ಲ ಆ ತಳಿಗಳಲ್ಲಿ ಇರುವ ದೋಷಗಳೇ. ನೋಡಿ ಆರಿಸಿ ಕಟ್ಟಿಸುವವರು ಅವನ್ನು ಕಡಿಮೆ ಮಾಡುತ್ತಾರೆ, ನೋಡದೆ ಕಟ್ಟಿಸುವವರು ಹೆಚ್ಚಿಸುತ್ತಾರೆ.

ಆರನೆಯ ದಿನ ಸಾಯುವುದೇಕೆ

ಈಗ ಮೊದಲು ಹೇಳಿದ ಸಾವಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

1978ರ ಸುಮಾರಿಗೆ ಪ್ರಪಂಚದ ಹಲವೆಡೆ ನಾಯಿಗಳಲ್ಲಿ ಒಂದು ಹೊಸ ರೋಗ ಕಾಣಿಸಿಕೊಂಡಿತು. ಅದೇ ಪಾರ್ವೊ. ಇದರ ವೈರಾಣು ಮರಿಯ ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಹಿಡಿಯುತ್ತದೆ. ಮೊದಲು ಮಂಕು, ಆಮೇಲೆ ವಾಂತಿ, ಆಮೇಲೆ ರಕ್ತ ಬೆರೆತ ದುರ್ವಾಸನೆಯ ಭೇದಿ. ಸಲೈನು ಹಾಕಿಸಿ ಚಿಕಿತ್ಸೆ ಕೊಡಿಸದಿದ್ದರೆ ಎರಡು ಮೂರು ದಿನದಲ್ಲಿ ಮರಿ ಸಾಯುವುದೇ ಹೆಚ್ಚು. ಗಮನಿಸಬೇಕಾದದ್ದು ಇದು: ವೈರಾಣು ಮೈಸೇರಿದ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಂದರೆ ನೀವು ಭಾನುವಾರ ಆರಿಸಿಕೊಂಡ, ಬಾಲ ಅಲ್ಲಾಡಿಸುತ್ತಿದ್ದ ಮರಿಯ ಹೊಟ್ಟೆಯಲ್ಲಿ ರೋಗ ಅಂದೇ ಇತ್ತು. ಗುರುವಾರ ಅದು ಹೊರಬಂತು. ಫೋನು ಮಾಡಿದರೆ ಮಾರಿದವನು “ನಮ್ಮಲ್ಲಿದ್ದಾಗ ಚೆನ್ನಾಗೇ ಇತ್ತಲ್ಲ ಸಾರ್, ನೀವು ಏನೋ ತಿನ್ನಿಸಿರಬೇಕು” ಎನ್ನುತ್ತಾನೆ. ಅವನ ಮಾತಿನ ಮೊದಲರ್ಧ ಸುಳ್ಳಲ್ಲ. ಅದರಿಂದಲೇ ನಮ್ಮವರು ಬಾಯಿ ಮುಚ್ಚಿಕೊಂಡು ಬರುತ್ತಾರೆ.

ಮರಿ ಕಾರ್ಖಾನೆಯಲ್ಲಿ ಈ ರೋಗ ಹೆಚ್ಚಾಗಲು ಕಾರಣ ತಾಯಿಯಲ್ಲಿದೆ. ಕರುವಿಗೆ ಗಿಣ್ಣುಹಾಲು ಕುಡಿಸುವುದು ಏಕೆಂದು ನಮಗೆ ಗೊತ್ತು. ನಾಯಿಯಲ್ಲೂ ಹಾಗೆಯೇ. ಚುಚ್ಚುಮದ್ದು ಹಾಕಿಸಿದ ತಾಯಿಯ ಗಿಣ್ಣಿನಲ್ಲಿ ರೋಗ ತಡೆಯುವ ಶಕ್ತಿ ಇದ್ದು, ಅದು ಮರಿಯನ್ನು ಮೊದಲ ಕೆಲವು ವಾರ ಕಾಪಾಡುತ್ತದೆ. ಚುಚ್ಚುಮದ್ದನ್ನೇ ಕಾಣದ, ನಿತ್ರಾಣವಾದ ತಾಯಿಯ ಹಾಲಿನಲ್ಲಿ ಅದೆಲ್ಲಿಂದ ಬರಬೇಕು? ಜೊತೆಗೆ ಹತ್ತು ಕಡೆಯಿಂದ ತಂದ ಮರಿಗಳನ್ನು ಒಂದೇ ಗೂಡಿನಲ್ಲಿಟ್ಟರೆ ಒಂದರ ಮಲ ಇನ್ನೊಂದರ ಬಾಯಿಗೆ.

“ವ್ಯಾಕ್ಸಿನ್ ಆಗಿದೆ, ಪುಸ್ತಕ ಇದೆ” ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ತಾಯಿಯಿಂದ ಬಂದ ಶಕ್ತಿ ಮರಿಯ ಮೈಯಲ್ಲಿರುವ ತನಕ ಅದು ಚುಚ್ಚುಮದ್ದನ್ನೂ ಕೆಲಸ ಮಾಡಗೊಡುವುದಿಲ್ಲ. ಆ ಶಕ್ತಿ ಒಂದು ಮರಿಯಲ್ಲಿ ಆರು ವಾರಕ್ಕೆ ಇಳಿದರೆ ಇನ್ನೊಂದರಲ್ಲಿ ಹದಿನಾಲ್ಕು ವಾರಕ್ಕೆ ಇಳಿಯಬಹುದು. ಆದಕಾರಣವೇ ಪಶುವೈದ್ಯರು ಆರರಿಂದ ಎಂಟು ವಾರದಲ್ಲಿ ಮೊದಲ ಚುಚ್ಚುಮದ್ದು ಹಾಕಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕುತ್ತ, ಹದಿನಾರು ವಾರದ ತನಕ ಬಿಡದೆ ಮುಂದುವರಿಸುವುದು. 35 ದಿನದ ಮರಿಗೆ ಒಂದು ಸೂಜಿ ಚುಚ್ಚಿ ಪುಸ್ತಕ ಕೊಟ್ಟರೆ ಅದು ಪುಸ್ತಕವೇ ಹೊರತು ರಕ್ಷಣೆಯಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಕೊಳೆರೋಗ ಬಂದ ಗೊನೆಯನ್ನು ಮರದಲ್ಲೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ರೋಗದ ಮೂಲ ಅಲ್ಲೇ ಕಾದಿರುತ್ತದೆ ಎಂದು ನಾವು ಬಲ್ಲೆವು. ಪಾರ್ವೊ ವೈರಾಣುವೂ ನೆರಳಿನ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ಉಳಿಯಬಲ್ಲದು. ನಮ್ಮ ತೋಟಗಳಲ್ಲಿ ನೆರಳಿಗೂ ತೇವಕ್ಕೂ ಏನು ಕೊರತೆ? ಸತ್ತ ಮರಿಯ ಜಾಗಕ್ಕೆ ಹದಿನೈದು ದಿನದಲ್ಲಿ ಇನ್ನೊಂದು ತಂದು ಅದೂ ಸತ್ತಿತೆಂದು “ನಮ್ಮ ಮನೆಗೆ ನಾಯಿ ಆಗಿಬರುವುದಿಲ್ಲ” ಎನ್ನುವವರಿದ್ದಾರೆ. ಆಗಿಬಾರದ್ದು ನಾಯಿಯಲ್ಲ, ಅಂಗಳದಲ್ಲಿ ಉಳಿದ ವೈರಾಣು. ಫಿನಾಯಿಲಿಗೂ ಸೋಪಿಗೂ ಅದು ಜಗ್ಗುವುದಿಲ್ಲ. ಸಿಮೆಂಟು ನೆಲವಾದರೆ ಮಲವನ್ನು ಪೂರ್ತಿ ತೆಗೆದು ತೊಳೆದು, ಮನೆಬಳಕೆಯ ಬ್ಲೀಚಿಂಗ್ ದ್ರವ ಒಂದು ಭಾಗಕ್ಕೆ 30 ಭಾಗ ನೀರು ಬೆರೆಸಿ ಹಾಕಿ ಹತ್ತು ನಿಮಿಷವಾದರೂ ನಿಲ್ಲಗೊಡಬೇಕು. ಮಣ್ಣಿನ ಅಂಗಳಕ್ಕೆ ಇದು ಅಷ್ಟಾಗಿ ನಾಟುವುದಿಲ್ಲ. ಅಂಥಲ್ಲಿ ಒಂದು ವರ್ಷ ಎಳೆಯ ಮರಿ ತರದಿರುವುದೂ, ತಂದರೆ ಚುಚ್ಚುಮದ್ದೆಲ್ಲ ಮುಗಿದ ದೊಡ್ಡ ನಾಯಿಯನ್ನೇ ತರುವುದೂ ಲೇಸು.

ಎಂಟು ವಾರದ ಮಾತು

ಮರಿ ಎಷ್ಟು ಚಿಕ್ಕದಾದರೆ ಅಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಾರುವವರಿಗೂ ಇದು ಅನುಕೂಲವೇ, ಮೂವತ್ತನೆಯ ದಿನಕ್ಕೆ ದಾಟಿಸಿದರೆ ತಿಂಗಳ ಆಹಾರದ ಖರ್ಚು ಉಳಿಯಿತು. ಆದರೆ ಮರಿಯ ದೃಷ್ಟಿಯಿಂದ ಇದು ದೊಡ್ಡ ನಷ್ಟ. ಐದನೆಯ ವಾರದಿಂದ ಎಂಟನೆಯ ವಾರದ ತನಕ ಮರಿ ತಾಯಿಯಿಂದಲೂ ಒಡಹುಟ್ಟುಗಳಿಂದಲೂ ಪಾಠ ಕಲಿಯುತ್ತದೆ. ಆಟದಲ್ಲಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟುಹೋಗುತ್ತದೆ, ತಾಯಿ ಗುರ್ ಎನ್ನುತ್ತದೆ. ಹಲ್ಲನ್ನು ಎಷ್ಟು ಊರಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅದಕ್ಕೆ ಹೀಗೆ ತಿಳಿಯುತ್ತದೆ. ಈ ಪಾಠ ತಪ್ಪಿದ ಮರಿ ದೊಡ್ಡದಾದ ಮೇಲೆ ಕೆಲಸಕ್ಕೆ ಬರುವ ಹೆಂಗಸರ ಕಾಲಿಗೂ, ಮನೆಯ ಮಕ್ಕಳ ಮುಖಕ್ಕೂ ಬಾಯಿ ಹಾಕುವ ಸಂಭವ ಹೆಚ್ಚು.

ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ ಮನುಷ್ಯರ ಒಡನಾಟ ಕಾಣದ ಮರಿ ಮುಂದೆ ಮನುಷ್ಯರನ್ನು ಕಂಡರೆ ಬೆದರುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಷೆಡ್ಡಿನ ಗೂಡಿನಲ್ಲಿ ಆ ವಾರಗಳನ್ನು ಕಳೆದ ಮರಿ ಎಷ್ಟೇ ದುಬಾರಿಯದಾದರೂ ತೋಟಕ್ಕೆ ಕೆಲಸದ್ದಲ್ಲ. ಹೆದರುಪುಕ್ಕಲು ನಾಯಿ ಕಳ್ಳನನ್ನು ಕಂಡು ಮಂಚದಡಿ ಸೇರುತ್ತದೆ, ಅಂಚೆಯವರನ್ನು ಕಂಡು ಹಿಂದಿನಿಂದ ಕಚ್ಚುತ್ತದೆ.

ವಯಸ್ಸು ಸುಳ್ಳು ಹೇಳುತ್ತಾರೆ ಎಂಬ ಅನುಮಾನವಿದ್ದರೆ ಬಾಯಿ ಬಿಡಿಸಿ ನೋಡಿ. ಮರಿಗೆ ಹಾಲುಹಲ್ಲು ಹುಟ್ಟುವುದು ಮೂರನೆಯ ವಾರದ ಮೇಲೆ. ಒಟ್ಟು 28 ಹಾಲುಹಲ್ಲುಗಳೂ ತುಂಬಲು ಎಂಟು ವಾರ ಹತ್ತಿರವಾಗಬೇಕು. ಮುಂದಿನ ಹಲ್ಲು, ಕೋರೆಹಲ್ಲು ಮಾತ್ರ ಕಂಡು, ದವಡೆಯ ಹಿಂಭಾಗ ಬೋಳಾಗಿದ್ದರೆ “ಎರಡು ತಿಂಗಳಾಯ್ತು ಸಾರ್” ಎಂಬುದನ್ನು ನಂಬಬೇಡಿ.

ಕಾನೂನು ಏನು ಹೇಳುತ್ತದೆ

ಈ ವಿಷಯದಲ್ಲಿ ನಮ್ಮ ದೇಶದಲ್ಲಿ ಕಾನೂನು ಇಲ್ಲವೆಂದು ಬಹುಮಂದಿ ತಿಳಿದಿದ್ದಾರೆ. ಇದೆ. ನಾಯಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಹೊರಡಿಸಿದೆ. ಅದರಂತೆ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಅಥವಾ ಎಂಟು ವರ್ಷ ದಾಟಿದ ಹೆಣ್ಣಿಗೆ ಕಟ್ಟಿಸುವಂತಿಲ್ಲ. ವರ್ಷಕ್ಕೆ ಒಂದು ಸೂಲು, ಜನ್ಮಕ್ಕೆ ಐದು ಸೂಲು, ಅಷ್ಟೇ. ಮಾರುವ ಮರಿಗೆ ಮೈಕ್ರೋಚಿಪ್ ಎಂಬ ಅಕ್ಕಿಕಾಳಿನ ಗಾತ್ರದ ಗುರುತು ಚರ್ಮದಡಿ ಇರಬೇಕು. ನಾಯಿ, ಬೆಕ್ಕು, ಹಕ್ಕಿ ಮಾರುವ ಅಂಗಡಿಗಳಿಗೂ 2018ರ ನಿಯಮಗಳ ಪ್ರಕಾರ ನೋಂದಣಿ ಬೇಕು. ವ್ಯಾಪಾರಕ್ಕಾಗಿ ಮರಿ ಮಾಡಿಸಲು ಹೊರದೇಶದಿಂದ ನಾಯಿ ತರಿಸುವುದನ್ನು 2016ರಲ್ಲೇ ನಿಷೇಧಿಸಲಾಗಿದೆ. “ತಂದೆ ರಷ್ಯಾದಿಂದ ಬಂದದ್ದು” ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಕಾಗದ ತೋರಿಸಿ ಎನ್ನಿ.

ನಿಯಮ ಇಷ್ಟು ಚೆನ್ನಾಗಿದ್ದರೂ ಷೆಡ್ಡುಗಳು ನಡೆಯುತ್ತಿರುವುದೇಕೆ ಎಂದರೆ, ಮೂಲ ಕಾಯಿದೆ 1960ರದು. ಪ್ರಾಣಿಗೆ ಹಿಂಸೆ ಕೊಟ್ಟ ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ! ಒಂದು ಮರಿ ಮಾರಿದರೆ ಸಾವಿರಗಟ್ಟಲೆ ಬರುವಲ್ಲಿ ಇದಕ್ಕೆ ಯಾರು ಅಂಜುತ್ತಾರೆ? ಇಂಗ್ಲೆಂಡಿನಲ್ಲಿ ಮಾಡಿದ ಕ್ರಮ ನಮಗೆ ಹೆಚ್ಚು ಪ್ರಾಯೋಗಿಕವೆನಿಸುತ್ತದೆ. ವೇಲ್ಸಿನ ಒಂದು ಮರಿ ಕಾರ್ಖಾನೆಯಿಂದ 2013ರಲ್ಲಿ ಬಿಡಿಸಿಕೊಂಡು ಬಂದ ಲೂಸಿ ಎಂಬ ಬಡಕಲು ಸ್ಪ್ಯಾನಿಯಲ್ ನಾಯಿಯ ಹೆಸರಿನಲ್ಲಿ ಅಲ್ಲಿ ಜನ ಹೋರಾಡಿದರು. 2020ರ ಏಪ್ರಿಲಿನಿಂದ ಅಲ್ಲಿ ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರಾಗಲಿ ದಲ್ಲಾಳಿಗಳಾಗಲಿ ವ್ಯಾಪಾರಕ್ಕಾಗಿ ಮಾರುವಂತಿಲ್ಲ. ಸಾಕಿದವರ ಮನೆಯಲ್ಲೇ, ತಾಯಿಯ ಜೊತೆಯಲ್ಲಿ ಮರಿಯನ್ನು ತೋರಿಸಬೇಕು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆದರೆ ನಾವೇ ಆ ನಿಯಮ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ನೋಡಹೋದಾಗ

ತಾಯಿಯನ್ನು ತೋರಿಸಿ ಎಂದು ಕೇಳಿ. ಇದೊಂದು ಪ್ರಶ್ನೆ ಉಳಿದ ಹತ್ತು ಪ್ರಶ್ನೆಗಳ ಕೆಲಸ ಮಾಡುತ್ತದೆ. “ತಾಯಿ ನಮ್ಮ ಭಾವನ ಮನೆಯಲ್ಲಿದೆ”, “ಅದು ಕಚ್ಚುತ್ತೆ, ಒಳಗೆ ಕಟ್ಟಿದೀವಿ”, “ನೀವು ಯಾಕೆ ಅಷ್ಟು ದೂರ ಬರ್ತೀರಿ ಸಾರ್, ಬಸ್‌ಸ್ಟ್ಯಾಂಡಿಗೇ ತಂದುಕೊಡ್ತೀನಿ”, ಇವುಗಳಲ್ಲಿ ಯಾವುದು ಬಂದರೂ ಅಲ್ಲಿಂದಲೇ ನಮಸ್ಕಾರ ಹೇಳಿ. ಹೆಣ್ಣು ನಾಯಿಯನ್ನು ತೋರಿಸಿದರೂ ಅದು ನಿಜವಾದ ತಾಯಿಯೇ ಎಂದು ನೋಡಿ. ಮೊಲೆಯಲ್ಲಿ ಹಾಲಿನ ಲಕ್ಷಣ ಇದೆಯೇ, ಮರಿಗಳು ಅದರ ಬಳಿ ಓಡುತ್ತವೆಯೇ? ಆಮೇಲೆ ಅದರ ಸ್ವಭಾವ. ಹೊಸಬರನ್ನು ಕಂಡು ಬೊಗಳಿ, ಯಜಮಾನ ಹೇಳಿದ ಮೇಲೆ ಸುಮ್ಮನಾಗುವ ತಾಯಿಯ ಮರಿ ತೋಟಕ್ಕೆ ಉತ್ತಮ.

ಒಂದೇ ಕಡೆ ನಾಲ್ಕೈದು ಜಾತಿಯ ಮರಿ ಇದ್ದರೆ, ಯಾವಾಗ ಕೇಳಿದರೂ ಮರಿ ತಯಾರಿದ್ದರೆ ಅದು ಮನೆಯಲ್ಲ, ಕಾರ್ಖಾನೆ. ಒಳ್ಳೆಯ ಸಾಕಣೆಗಾರರು ನಿಮ್ಮನ್ನು ಕಾಯಿಸುತ್ತಾರೆ. ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ: ಮನೆಯಲ್ಲಿ ಯಾರಿದ್ದೀರಿ, ರಾತ್ರಿ ಎಲ್ಲಿ ಮಲಗಿಸುತ್ತೀರಿ, ಹಿಂದಿನ ನಾಯಿ ಏನಾಯಿತು? ಇದನ್ನು ಅಧಿಕಪ್ರಸಂಗವೆಂದು ತಿಳಿಯಬಾರದು. ಮರಿಯ ಹಿಂಭಾಗ ಒದ್ದೆಯಾಗಿ ಮೆತ್ತಿದ್ದರೆ, ಹೊಟ್ಟೆ ಡೊಳ್ಳಾಗಿ ಕಾಲು ಕಡ್ಡಿಯಾಗಿದ್ದರೆ, ಕಣ್ಣು ಮೂಗಿನಲ್ಲಿ ಗೀಜು ಸಿಂಬಳವಿದ್ದರೆ, ಕಿವಿಯಂಚಿನಲ್ಲಿ ಕಜ್ಜಿ ಇದ್ದರೆ ಬೇಡ.

ಕೆನಲ್ ಕ್ಲಬ್ಬಿನ ಕಾಗದದ ಬಗ್ಗೆ ಒಂದು ಮಾತು. ಅದು ವಂಶಾವಳಿಯ ದಾಖಲೆ. ಅಪ್ಪ ಯಾರು, ಅಜ್ಜ ಯಾರು ಎಂದು ಹೇಳುತ್ತದೆ. ತಾಯಿಗೆ ಹೊಟ್ಟೆ ತುಂಬಾ ಹಾಕಿದ್ದಾರೆಯೇ ಎಂದು ಹೇಳುವುದಿಲ್ಲ. ಪಹಣಿ ನೋಡಿ ಮಣ್ಣಿನ ಗುಣ ತಿಳಿಯುವುದುಂಟೇ?

ಇನ್ನೊಂದು ಸೂಕ್ಷ್ಮ. ಕೆಲವರು ಅಂಥ ಕಡೆ ಹೋಗಿ, ಮರಿಯ ಅವಸ್ಥೆ ನೋಡಿ ಮರುಕದಿಂದ “ಇದೊಂದಾದರೂ ಬದುಕಲಿ” ಎಂದು ಹಣ ಕೊಟ್ಟು ತರುತ್ತಾರೆ. ಅವರ ಮನಸ್ಸು ದೊಡ್ಡದು. ಆದರೆ ಖಾಲಿಯಾದ ಆ ಗೂಡಿಗೆ ಇನ್ನೊಂದು ಮರಿ ಬರುವುದು ಅದೇ ಹಣದಿಂದ, ಅದೇ ತಾಯಿಯ ಹೊಟ್ಟೆಯಿಂದ. ಮರುಕವಿದ್ದವರು ಪಶುಪಾಲನಾ ಇಲಾಖೆಗೋ ಜಿಲ್ಲೆಯ ಪ್ರಾಣಿ ಹಿಂಸಾ ನಿವಾರಣಾ ಸಂಘಕ್ಕೋ ಒಂದು ಕಾಗದ ಬರೆದು, ಜಾಗದ ಗುರುತು ಕೊಡಬೇಕು.

ಹಾಗಾದರೆ ಎಲ್ಲಿಂದ?

ಜಾತಿ ನಾಯಿಯೇ ಬೇಕೆಂಬ ಹಟ ಮೊದಲು ಬಿಡಬೇಕು. ಸೇಂಟ್ ಬರ್ನಾರ್ಡ್, ಹಸ್ಕಿ ಮುಂತಾದವು ಹಿಮದ ನಾಡಿನವು. ನಮ್ಮ ಜೂನ್ ಜುಲೈ ಮಳೆಯಲ್ಲಿ ಆ ಕೂದಲು ಒಣಗುವುದೇ ಇಲ್ಲ, ಚರ್ಮ ಕೊಳೆಯುತ್ತದೆ, ಉಣುಗು ಹೊಕ್ಕರೆ ಹುಡುಕಲಾಗದು. ಲ್ಯಾಬ್ರಡಾರ್ ಸಾಧು ಪ್ರಾಣಿ, ಕಳ್ಳನಿಗೂ ಬಾಲ ಅಲ್ಲಾಡಿಸೀತು. ನಮ್ಮ ನಾಡಿನದೇ ಆದ ಮುಧೋಳದ ನಾಯಿಯ ಬಗ್ಗೆ ಹಲವರು ಕೇಳುತ್ತಾರೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಿದೆ, ಸೈನ್ಯಕ್ಕೂ ತರಬೇತಿಗೆ ತೆಗೆದುಕೊಂಡಿದ್ದಾರೆ, ನಮಗೂ ಹೆಮ್ಮೆಯೇ. ಆದರೆ ಅದು ಬಯಲುಸೀಮೆಯಲ್ಲಿ ಕಣ್ಣಿಗೆ ಕಂಡ ಮೊಲದ ಹಿಂದೆ ಬಾಣದಂತೆ ಓಡಲೆಂದು ಹುಟ್ಟಿದ ತಳಿ. ಮೈಯಲ್ಲಿ ಕೊಬ್ಬಿಲ್ಲ, ಕೂದಲು ತೆಳು. ಕಾಫಿ ಗಿಡದ ನಡುವೆ ಕಣ್ಣಿಗೆ ಹತ್ತು ಮಾರು ಕಾಣದ ಮಲೆನಾಡಿನಲ್ಲಿ ಅದಕ್ಕೂ ಸುಖವಿಲ್ಲ, ನಮಗೂ ಪೂರ್ತಿ ಪ್ರಯೋಜನವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದೇ ಬೇಕೆನ್ನುವವರು ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ನಡೆಸುವ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಲಿ. ಆ ಭಾಗದಲ್ಲಿ ಮನೆಯಲ್ಲಿ ಒಂದೆರಡು ನಾಯಿ ಇಟ್ಟು ಮರಿ ಮಾರಿ ಜೀವನ ಸಾಗಿಸುವ ರೈತ ಕುಟುಂಬಗಳೂ ಇವೆ. ಅವರನ್ನು ಕಾರ್ಖಾನೆಯವರೆನ್ನಲಾಗದು, ಹೋದರೆ ತಾಯಿ ಅಂಗಳದಲ್ಲೇ ಕಾಣುತ್ತದೆ.

ಸಣ್ಣ ಬೆಳೆಗಾರರಿಗೆ ನಾವು ಮೊದಲು ಹೇಳುವುದು ಊರ ನಾಯಿಯನ್ನೇ. ಕಂತ್ರಿ ಎಂದು ನಾವೇ ಹೀಗಳೆಯುವ ಈ ನಾಯಿ ಇಲ್ಲಿನ ಮಳೆ, ಬಿಸಿಲು, ಹುಳು ಹುಪ್ಪಟೆಗಳ ನಡುವೆ ತಲೆಮಾರುಗಳಿಂದ ಆಯ್ಕೆಯಾಗಿ ಉಳಿದದ್ದು. ಅನ್ನ, ಸಾರು, ಒಂದು ಮೊಟ್ಟೆಗೆ ಬಾಳುತ್ತದೆ, ಕಿವಿ ಬಹಳ ಚುರುಕು. ನೆರೆತೋಟದ ನಾಯಿ ಮರಿ ಹಾಕಿದ್ದರೆ ತಾಯಿಯ ಗುಣ ನಿಮಗೆ ಮೊದಲೇ ಗೊತ್ತು. ಲೈನ್ ಮನೆಗಳ ಹಿಂದೆ ಹುಟ್ಟಿದ ಮರಿಗಳು ಮಕ್ಕಳ ಕೈಯಲ್ಲೇ ಆಡಿ ಬೆಳೆದಿರುವುದರಿಂದ ಮನುಷ್ಯರಿಗೆ ಹೊಂದಿಕೊಂಡಿರುತ್ತವೆ. ಪುಕ್ಕಟೆ ಸಿಗುತ್ತವೆ. ಉಳಿದ ಹಣವನ್ನು ಚುಚ್ಚುಮದ್ದಿಗೂ ಜಂತುಹುಳದ ಮದ್ದಿಗೂ ಹಾಕಿದರೆ ಅಂಗಡಿಯ ಮರಿಗಿಂತ ಹತ್ತು ಪಾಲು ಗಟ್ಟಿ ನಾಯಿ ನಿಮ್ಮದಾಗುತ್ತದೆ.

ಬೆಂಗಳೂರು, ಮಂಗಳೂರುಗಳಲ್ಲಿ ಅನಾಥ ನಾಯಿಗಳನ್ನು ಸಾಕಿ, ಚುಚ್ಚುಮದ್ದು ಹಾಕಿಸಿ, ಸಂತಾನಹರಣ ಮಾಡಿಸಿ, ಬೇಕಾದವರಿಗೆ ಕೊಡುವ ಸಂಸ್ಥೆಗಳಿವೆ. ಬೆಳೆದ ನಾಯಿ ಹೊಂದಿಕೊಳ್ಳದು ಎಂಬ ಭಯ ಬೇಡ. ಎರಡು ವರ್ಷದ ನಾಯಿಯ ಗುಣ ಕಣ್ಣಿಗೆ ಕಾಣುತ್ತದೆ, ಪಾರ್ವೊ ಕಂಟಕದ ವಯಸ್ಸು ದಾಟಿರುತ್ತದೆ. ಮೊದಲ ಹದಿನೈದು ದಿನ ಸರಪಳಿ ಬಿಡದೆ ನೀವೇ ಊಟ ಹಾಕಿ, ತೋಟದ ಎಲ್ಲೆ ಸುತ್ತಿಸಿದರೆ ಹಾದಿಗೆ ಬರುತ್ತದೆ. ಕೋಳಿ, ಕರುಗಳಿರುವ ಮನೆಯವರು ಅವುಗಳೆದುರು ನಾಯಿ ಹೇಗಿರುತ್ತದೆ ಎಂದು ಕೇಳಿಕೊಂಡೇ ತರಬೇಕು.

ತಂದ ಮೇಲೆ

ಎಲ್ಲಿಂದಲೇ ತಂದರೂ ಮೊದಲ ಎರಡು ವಾರ ಮನೆಯ ಬೇರೆ ನಾಯಿಗಳಿಂದ ದೂರವಿಡಿ. ಎರಡು ದಿನದೊಳಗೆ ಪಶುವೈದ್ಯರಿಗೆ ತೋರಿಸಿ. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ಪ್ರತಿವರ್ಷ. ಎಳೆಮರಿಗೆ ಹುಚ್ಚು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಮರಿಯ ಹಲ್ಲು ತಗುಲಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಅರಿಸಿನ, ಕಾಫಿಪುಡಿ, ಸುಣ್ಣ ಮೆತ್ತುತ್ತ ಕೂರುವುದು ಬೇಡ. ನಮ್ಮ ಗದ್ದೆ ತೋಟಗಳಲ್ಲಿ ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುವುದರಿಂದ ಅದರ ಚುಚ್ಚುಮದ್ದನ್ನೂ ಕೇಳಿ ಹಾಕಿಸಿ.

ಉಣುಗಿನ ವಿಚಾರದಲ್ಲಿ ಉದಾಸೀನ ಬೇಡ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಕಾಡು ಸುತ್ತಿ ಬಂದ ನಾಯಿ ಅದನ್ನು ಮೈಮೇಲೆ ಹೊತ್ತು ಮನೆಗೆ ತರಬಲ್ಲದು. ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಅಂಗಳದಲ್ಲಿ ಸರಪಳಿ ಹಾಕಿ ಬಿಡುವುದೆಂದರೆ ಚಿರತೆಗೆ ಊಟ ಬಡಿಸಿಟ್ಟಂತೆ. ಜಗಲಿಯೊಳಗೋ ಗಟ್ಟಿ ಬಾಗಿಲಿನ ಗೂಡಿನೊಳಗೋ ಇದ್ದರೂ ಅದು ಬೊಗಳುವುದು ನಮಗೆ ಕೇಳಿಸುತ್ತದೆ.

ಕೊನೆಯದಾಗಿ, ನಮ್ಮ ತೋಟಗಳದೇ ಒಂದು ಸಂಗತಿ. ಕೇಳುವವರೆಲ್ಲ ಗಂಡು ಮರಿಯನ್ನೇ ಕೇಳುತ್ತಾರೆ. ಉಳಿದ ಹೆಣ್ಣು ಮರಿಗಳು ಗೋಣಿಚೀಲದಲ್ಲಿ ಘಾಟಿಯ ತಿರುವಿಗೋ ಸಂತೆಯ ಮೂಲೆಗೋ ಹೋಗುತ್ತವೆ. ಕಾವಲಿನಲ್ಲಿ ಹೆಣ್ಣು ನಾಯಿ ಗಂಡಿಗೆ ಏನೂ ಕಡಿಮೆಯಲ್ಲ, ಬೆದೆಗೆ ಬಂದ ಹೆಣ್ಣಿನ ಹಿಂದೆ ಮೂರು ದಿನ ಊರು ಸುತ್ತುವ ಕೆಟ್ಟ ಚಾಳಿ ಇರುವುದು ಗಂಡಿಗೆ. ಆರು ತಿಂಗಳು ದಾಟಿದ ಹೆಣ್ಣಿಗೆ ಸಂತಾನಹರಣ ಮಾಡಿಸಿಬಿಟ್ಟರೆ ಬೆದೆಯ ಗಲಾಟೆಯೂ ಇಲ್ಲ, ಬೇಡದ ಮರಿಯೂ ಇಲ್ಲ, ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ರೋಗದ ಭಯವೂ ಇಲ್ಲ. ಒಂದು ಹೋಬಳಿಯ ಹತ್ತು ಹನ್ನೆರಡು ಮನೆಯವರು ಒಟ್ಟಾಗಿ ಪಶುವೈದ್ಯರನ್ನು ಕೇಳಿಕೊಂಡರೆ ಒಂದೇ ದಿನ ಏರ್ಪಾಡು ಮಾಡುವುದು ಅವರಿಗೂ ಸುಲಭ. ಮಳೆ ಹಿಡಿಯುವ ಮುಂಚೆ, ಗಾಯ ಒಣಗುವ ಬೇಸಿಗೆಯಲ್ಲೇ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು.